ಸಿದ್ಧರಾಮನ ಮುಂದಾಳುತನ: ಒಂದು ವಿವೇಚನೆ

ಶೂನ್ಯಸಂಪಾದನೆಯ ಸಿದ್ಧರಾಮಪ್ರಸಂಗವನ್ನು ಕುರಿತು ನಮ್ಮಲ್ಲಿ ನಡೆದಿರುವ ವಿವೇಚನೆ ಬಹುಮಟ್ಟಿಗೆ ಒಂದೇ ದಾರಿಯನ್ನು ಹಿಡಿದಿದೆ. ಸೊನ್ನಲಿಗೆಯಲ್ಲಿ ಕೆರೆ, ದೇಗುಲಗಳನ್ನು ಕಟ್ಟಿಸುತ್ತಿದ್ದ ಕರ್ಮಯೋಗಿ ಸಿದ್ಧರಾಮನು ಅಲ್ಲಮಪ್ರಭುವಿನ ಬೋಧೆಯಿಂದ ಕರ್ಮವನ್ನು ದಾಟಿ ಶಿವಯೋಗಿಯಾದನು ಎಂಬುದು ಆ ದಾರಿ. ಇದು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಇಷ್ಟನ್ನೇ ಹೇಳಿ ಮುಗಿಸಿದರೆ ಪ್ರಸಂಗದ ಜೀವಾಳವೇ ಕೈಬಿಟ್ಟುಹೋಗುತ್ತದೆ ಎಂಬುದು ನನ್ನ ಭಾವನೆ. ಸಾವಿರಾರು ಜನರನ್ನು ಒಂದು ಕೆಲಸಕ್ಕೆ ಹೂಡಿ ಮುನ್ನಡೆಸುತ್ತಿದ್ದವನೊಬ್ಬನು ಒಂದು ದಿನ ತನ್ನನ್ನು ತಾನು ಕಂಡುಕೊಳ್ಳಬೇಕಾಗಿ ಬಂದ ಕಥೆ ಅದು. ಆ ಕಾಣ್ಕೆಯು ಅವನ ಮುಂದಾಳುತನವನ್ನು ಕೆಡಿಸಿತೇ, ಕಟ್ಟಿತೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕಾವ್ಯದ ಪಾತ್ರವನ್ನು ಕುರಿತು ಮಾತನಾಡುವಾಗ ಏಕವಚನವನ್ನು ಬಳಸಿದ್ದೇನೆ. ಅದರಿಂದ ಗೌರವಕ್ಕೆ ಕುಂದೆಂದು ಭಕ್ತರು ಭಾವಿಸಲಾಗದು.

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದುದಲ್ಲವೆಂಬುದನ್ನು ಮೊದಲೇ ಹೇಳಬೇಕು. ಬಾಬಾಬುಡನ್‌ಗಿರಿಗೆ ಏರುವ ದಾರಿಯಲ್ಲಿರುವ ನಮ್ಮ ಅತ್ತಿಗುಂಡಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ತೋಟದ ಕೆಲಸ ಕಡಮೆಯಾಗುತ್ತದೆ. ಹೊನ್ನಮ್ಮನ ಹಳ್ಳದ ಸದ್ದು ಏರುತ್ತದೆ. ಮಂಜು ಕವಿದು ಎದುರಿನ ಕಣಿವೆಯಿದೆಯೆಂಬುದೇ ಮರೆತುಹೋಗುತ್ತದೆ. ಅಂಥ ಸಂಜೆಗಳಲ್ಲಿ ಕೆಲವರು ನನ್ನ ಮನೆಯಲ್ಲಿ ಕೂಡುವುದು, ನಾನು ಶೂನ್ಯಸಂಪಾದನೆಯ ಒಂದೊಂದು ಭಾಗವನ್ನು ಓದಿ ಅರ್ಥ ಹೇಳುವುದು ಕೆಲವು ವರ್ಷಗಳಿಂದ ನಡೆದುಬಂದಿದೆ. ಬರುವವರಲ್ಲಿ ತೋಟದ ರೈಟರೊಬ್ಬರು, ಪಟ್ಟಣದ ಕಾಲೇಜಿಗೆ ಹೋಗುವ ಇಬ್ಬರು ವಿದ್ಯಾರ್ಥಿಗಳು, ತೋಟಗಳಲ್ಲಿ ಕಲ್ಲುಗೋಡೆ ಕಟ್ಟುವ, ಕೆರೆ ತೋಡುವ ಕೆಲಸಕ್ಕೆಂದು ಬಯಲುಸೀಮೆಯಿಂದ ಹತ್ತಿ ಬಂದು ಇಲ್ಲಿಯೇ ನಿಂತ ಹಿರಿಯರೊಬ್ಬರು ಇದ್ದಾರೆ. ಸಿದ್ಧರಾಮಪ್ರಸಂಗವನ್ನು ಓದಿದ ದಿನ ಪ್ರಶ್ನೆ ಎತ್ತಿದವರು ಈ ಹಿರಿಯರು.

ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಸೊನ್ನಲಿಗೆಯಲ್ಲಿ ಕೆರೆಯ ಕೆಲಸ ನಡೆದಿದೆ. ಅಲ್ಲಮನು ಅಲ್ಲಿಗೆ ಬಂದು, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳುತ್ತಾನೆ. ತಮ್ಮ ಗುರುವನ್ನು ಹೀಗೆ ಕರೆದನಲ್ಲಾ ಎಂದು ಕೆಲಸಗಾರರು ಸಿಟ್ಟಾಗುತ್ತಾರೆ, ಕಲ್ಲು ಬೀರುತ್ತಾರೆ. ಕಲ್ಲುಗಳು ಅಲ್ಲಮನನ್ನು ತಾಗುವುದಿಲ್ಲ. ದೂರು ಸಿದ್ಧರಾಮನಿಗೆ ಮುಟ್ಟುತ್ತದೆ. ಅವನು ಬರುತ್ತಾನೆ, ಕೋಪಿಸುತ್ತಾನೆ, ಹಣೆಗಣ್ಣಿನ ಬೆಂಕಿಯನ್ನು ತೆರೆಯುತ್ತಾನೆ. ಅದೂ ಅಲ್ಲಮನನ್ನು ಮುಟ್ಟದು. ಆಮೇಲೆ ಮಾತು ಮೊದಲಾಗುತ್ತದೆ.

ಇಷ್ಟನ್ನು ಓದಿ ನಿಲ್ಲಿಸಿದಾಗ ಆ ಹಿರಿಯರು ಕೇಳಿದರು: “ಅಲ್ಲ ಮೇಷ್ಟ್ರೇ, ಒಡ್ಡ ಅಂದ್ರೆ ಬೈಗುಳ ಹೆಂಗಾಯ್ತು? ಕಲ್ಲು ಹೊಡ್ದೋರೂ ಅವ್ರೇ ಅಲ್ವಾ?”

ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನು ನಾನು. ಈ ಭಾಗವನ್ನು ತರಗತಿಯಲ್ಲಿ ಎಷ್ಟೋ ಸಲ ಓದಿಸಿದ್ದೇನೆ. ಅಲ್ಲಮನು ಸಿದ್ಧರಾಮನನ್ನು ಕೆಣಕಲು ಹೀನಾಯವಾಗಿ ಕರೆದನು ಎಂದೇ ಪ್ರತಿಸಲವೂ ಹೇಳಿಕೊಟ್ಟಿದ್ದೇನೆ. ಹೀನಾಯ ಯಾರ ಕಿವಿಯಲ್ಲಿತ್ತು ಎಂದು ಒಮ್ಮೆಯೂ ಕೇಳಿಕೊಂಡವನಲ್ಲ.

ಆ ಪ್ರಶ್ನೆಯ ಬೆಳಕಿನಲ್ಲಿ ಪ್ರಸಂಗವನ್ನು ಮತ್ತೆ ಓದಿದಾಗ ಅದರ ರಚನೆಯೇ ಬೇರೆಯಾಗಿ ಕಾಣಿಸಿತು. ಕೆರೆಯ ಅಂಗಳದಲ್ಲಿ ಮಣ್ಣು ಹೊರುವವರಿಗೂ ಹೊರಿಸುವವನಿಗೂ ನಡುವೆ ಒಂದು ಮೆಟ್ಟಿಲು ಬೆಳೆದಿದೆ. ಮಣ್ಣು ಹೊರುವವರೇ ಆ ಮೆಟ್ಟಿಲನ್ನು ಕಾಯುತ್ತಿದ್ದಾರೆ. ತಮ್ಮ ಹೆಸರಿನಿಂದ ತಮ್ಮ ಗುರುವನ್ನು ಕರೆದರೆ ಅದು ಅವನಿಗೆ ಅವಮಾನವೆಂದು ಅವರೇ ಒಪ್ಪಿಕೊಂಡಿದ್ದಾರೆ. ಸಿದ್ಧರಾಮನು ಲೋಕಹಿತಕ್ಕಾಗಿ ಕೆರೆ ತೋಡಿಸುತ್ತಿದ್ದಾನೆ ಎಂಬುದು ನಿಜ. ಆದರೆ ತೋಡುವವರ ಹೆಸರು ತನ್ನ ಹೆಸರಿಗೆ ಅಂಟಿದಾಗ ಅವನ ಹಣೆ ಕೆಂಪಾಗುತ್ತದೆ. ಅಲ್ಲಮನು ಬಯಲಿಗೆಳೆದದ್ದು ಇದನ್ನು. ಒಂದೇ ಪದದಿಂದ ಅವನು ಮುಂದಾಳಿನ ಒಳಗನ್ನೂ ಹಿಂಬಾಲಕರ ಒಳಗನ್ನೂ ಒಟ್ಟಿಗೆ ಪರೀಕ್ಷಿಸಿದನು.

ಇಲ್ಲಿ ಘಟನೆಗಳ ಅನುಕ್ರಮವೂ ಗಮನಾರ್ಹವಾದುದು. ಮೊದಲು ಕಲ್ಲು, ಆಮೇಲೆ ಬೆಂಕಿ. ಗುರು ಇನ್ನೂ ಸ್ಥಳಕ್ಕೆ ಬಂದಿಲ್ಲ. ಅವನ ಕೋಪ ಮಾತ್ರ ಅವನಿಗಿಂತ ಮುಂಚೆ ಬಂದುಬಿಟ್ಟಿದೆ, ಶಿಷ್ಯರ ಕೈಯಲ್ಲಿ ಕಲ್ಲಾಗಿ. ಹಿಂಬಾಲಕರು ಕಲ್ಲೆಸೆದದ್ದು ಅವರ ಅಜ್ಞಾನವೆಂದೂ ಸಿದ್ಧರಾಮನು ಉರಿಗಣ್ಣು ತೆರೆದದ್ದು ಅವನ ಯೋಗಸಾಮರ್ಥ್ಯವೆಂದೂ ನಾವು ಬೇರೆಬೇರೆಯಾಗಿ ಎಣಿಸುತ್ತೇವೆ. ಸಂಪಾದನಕಾರನು ಎರಡನ್ನೂ ಒಂದರ ಬೆನ್ನಿಗೆ ಒಂದಾಗಿ ಇರಿಸಿ, ಎರಡಕ್ಕೂ ಒಂದೇ ಫಲವನ್ನು ಕೊಟ್ಟಿದ್ದಾನೆ: ಎರಡೂ ಗುರಿಯನ್ನು ಮುಟ್ಟಲಿಲ್ಲ. ಕಲ್ಲೂ ಬೆಂಕಿಯೂ ಒಂದೇ ಸಿಟ್ಟಿನ ಎರಡು ರೂಪಗಳೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬಹುದು?

ಸ್ವಂತದ ಮಾತೊಂದನ್ನು ಇಲ್ಲಿ ಸೇರಿಸುವುದಕ್ಕೆ ಓದುಗರು ಅಪ್ಪಣೆ ಕೊಡಬೇಕು. ಬಹಳ ವರ್ಷಗಳ ಹಿಂದೆ ಒಂದು ಕೆರೆಯ ಹೂಳೆತ್ತಿಸುವ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದರು. ಕೆಲಸ ಅರ್ಧವಾಗಿದ್ದಾಗ ಸಭೆಯಲ್ಲಿ ಒಬ್ಬ ಹುಡುಗ ಎದ್ದು ಲೆಕ್ಕ ಕೇಳಿದ. ಲೆಕ್ಕ ನೇರವಾಗಿಯೇ ಇತ್ತು. ಪುಸ್ತಕ ನನ್ನ ಚೀಲದಲ್ಲಿಯೇ ಇತ್ತು. ಆದರೆ ನಾನು ಅದನ್ನು ತೆಗೆಯುವುದಕ್ಕೆ ಮೊದಲೇ ನನ್ನ ಕಡೆಯವರು ಅವನ ಮೇಲೆ ಬಿದ್ದರು. ಮೇಷ್ಟ್ರನ್ನೇ ಕೇಳುವಷ್ಟು ದೊಡ್ಡವನಾದೆಯಾ ಎಂದು ಗದರಿಸಿ ಕೂರಿಸಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದೆನೆಂಬುದಕ್ಕಿಂತ, ಒಳಗೊಳಗೆ ಹಿತವಾಯಿತೆಂದು ಹೇಳುವುದೇ ಸತ್ಯ. ಲೆಕ್ಕದ ಪುಸ್ತಕ ಚೀಲದಲ್ಲಿಯೇ ಉಳಿಯಿತು. ಆ ಹುಡುಗ ಮತ್ತೆ ಸಭೆಗೆ ಬರಲಿಲ್ಲ. ಅವನೊಂದಿಗೆ ಅವನ ಓರಗೆಯವರೂ ಬರಲಿಲ್ಲ. ಹೂಳು ಅರ್ಧಕ್ಕೇ ನಿಂತಿತು. ಜನರಲ್ಲಿ ಒಗ್ಗಟ್ಟಿಲ್ಲ, ಸಾರ್ವಜನಿಕ ಕೆಲಸಕ್ಕೆ ಯಾರೂ ಕೈಗೂಡಿಸುವುದಿಲ್ಲ ಎಂದು ನಾನು ಎಷ್ಟೋ ವರ್ಷ ಹೇಳುತ್ತ ತಿರುಗಿದೆ. ಕಲ್ಲೆಸೆದವರು ಅವರಾದರೂ ಕಲ್ಲು ನನ್ನದಾಗಿತ್ತೆಂಬುದು, ಸೊನ್ನಲಿಗೆಯ ಪ್ರಸಂಗವನ್ನು ಆ ಸಂಜೆ ಓದುವವರೆಗೂ ನನಗೆ ಹೊಳೆದಿರಲಿಲ್ಲ.

ಮತ್ತೆ ಗ್ರಂಥಕ್ಕೆ ಬರೋಣ. ಸಿದ್ಧರಾಮನ ಚರಿತ್ರೆಗೆ ಶೂನ್ಯಸಂಪಾದನೆಗಿಂತ ಹಳೆಯದಾದ, ಕಾವ್ಯವಾಗಿ ಅದಕ್ಕಿಂತ ಕಟ್ಟುನಿಟ್ಟಾದ ಆಕರವೆಂದರೆ ರಾಘವಾಂಕನ ಸಿದ್ಧರಾಮಚಾರಿತ್ರ. ಮುದ್ದುಗೌಡ, ಸುಗ್ಗವ್ವೆಯರ ಮಗನಾದ ಮಂಕು ಹುಡುಗ. ಹೊಲದಲ್ಲಿ ಅವನೆದುರು ಜಂಗಮರೂಪದಿಂದ ಕಾಣಿಸಿಕೊಂಡ ಮಲ್ಲಯ್ಯ. ಅವನಿಗಾಗಿ ತಣ್ಣನೆಯ ಉಣಿಸನ್ನು ತರಲೆಂದು ಮನೆಗೆ ಓಡಿದ ಹುಡುಗ. ಮರಳಿ ಬರುವಷ್ಟರಲ್ಲಿ ಬರಿದಾದ ಹೊಲ. ಮಲ್ಲಯ್ಯನೆಲ್ಲಿ ಮಲ್ಲಯ್ಯನೆಲ್ಲಿ ಎಂದು ಶ್ರೀಶೈಲದವರೆಗೆ ಅತ್ತು ನಡೆದ ನಡಿಗೆ. ಕೊನೆಗೆ ಕಮರಿಯ ಅಂಚಿನಲ್ಲಿ ಬೀಳಹೊರಟವನ ಕೈಹಿಡಿದ ಮಲ್ಲಿಕಾರ್ಜುನ. ಈ ಭಾಗವನ್ನು ಬರೆಯುವಲ್ಲಿ ರಾಘವಾಂಕನ ಷಟ್ಪದಿಗೆ ಎಣೆಯಿಲ್ಲ. ಹರಿಶ್ಚಂದ್ರಕಾವ್ಯದ ಕೀರ್ತಿ ಈ ಕಾವ್ಯವನ್ನು ಮರೆಮಾಡಿದೆಯೆಂಬುದು ನಮ್ಮ ವಿಮರ್ಶೆಯ ಒಂದು ಅನ್ಯಾಯವೇ ಸರಿ.

ಆದರೆ ರಾಘವಾಂಕನಲ್ಲಿ ಅಲ್ಲಮನ ಆಗಮನವಿಲ್ಲ. ಅವನ ಕಾವ್ಯದಲ್ಲಿ ಬದಲಾವಣೆ ಒಮ್ಮೆ ಮಾತ್ರ ನಡೆಯುತ್ತದೆ, ಅದೂ ಬಾಲ್ಯದಲ್ಲಿ. ಕಮರಿಯ ಅಂಚಿನಿಂದ ಹಿಂದಿರುಗಿದವನು ಸಿದ್ಧಪುರುಷ. ಅಲ್ಲಿಂದ ಮುಂದೆ ಅವನಿಗೆ ಮಾಡುವುದಿದೆ, ಆಗುವುದಿಲ್ಲ. ಸೊನ್ನಲಿಗೆ ಎರಡನೆಯ ಶ್ರೀಶೈಲವಾಗುತ್ತದೆ, ಕೆರೆಯಾಗುತ್ತದೆ, ಪವಾಡಗಳಾಗುತ್ತವೆ. ಒಳಗೆ ಏನೂ ಅಲುಗುವುದಿಲ್ಲ. ಭಕ್ತನಿಗೆ ಇದು ಸಾಲುತ್ತದೆ. ಆದರೆ ನಡುವಯಸ್ಸಿನಲ್ಲಿ, ಗೆದ್ದ ಮೇಲೆ, ಸುತ್ತ ಜನ ಕೂಡಿದ ಮೇಲೆ ಮನುಷ್ಯನಿಗೆ ಎದುರಾಗುವ ಅಪಾಯವನ್ನು ಈ ಕಾವ್ಯದಿಂದ ತಿಳಿಯಲಾರೆವು. ಶೂನ್ಯಸಂಪಾದನೆಯು ಸಿದ್ಧರಾಮನನ್ನು ನಿಲ್ಲಿಸುವುದು ಇಂಥ ಎರಡನೆಯ ಕಮರಿಯ ಅಂಚಿನಲ್ಲಿ. ಮೊದಲ ಸಲ ಕೈಹಿಡಿಯಲು ಬಂದವನು ಕೈಹಿಡಿಯುವವನಂತೆಯೇ ಕಂಡಿದ್ದನು. ಈ ಸಲ ಬಂದವನು ತಳ್ಳುವವನಂತೆ ಕಂಡನು. ಎರಡನೆಯ ಕಮರಿಗೆ ಇನ್ನೂ ಒಂದು ವಿಶೇಷವಿದೆ: ಅದು ಅಂಚಿನಲ್ಲಿ ನಿಂತವನ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಊರಿನ ಮಂಜನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾಯಕ ಎಂಬ ಪದವನ್ನು ನಾವು ಎರಡರ್ಥದಲ್ಲಿ ಬಳಸುತ್ತೇವೆ, ಕಾವ್ಯದ ನಾಯಕ ಮತ್ತು ಜನರ ನಾಯಕ. ನಮ್ಮ ಅಲಂಕಾರಶಾಸ್ತ್ರವು ನಾಯಕರನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಲ್ಕಾಗಿ ವಿಂಗಡಿಸಿದೆ. ಒಬ್ಬನು ಒಂದು ಬಗೆಯಲ್ಲಿ ಹುಟ್ಟಿ ಅದೇ ಬಗೆಯಲ್ಲಿ ಕಾವ್ಯವನ್ನು ಮುಗಿಸಬೇಕು. ಸೊನ್ನಲಿಗೆಯ ಅಂಗಳಕ್ಕೆ ಉದ್ಧತನಾಗಿ ಬಂದವನು ಶಾಂತನಾಗಿ ಅಲ್ಲಿಂದ ಹೊರಡುವುದಕ್ಕೆ ಆ ವರ್ಗೀಕರಣದಲ್ಲಿ ಎಡೆಯಿಲ್ಲ. ಶರಣಸಾಹಿತ್ಯವು ಹಳೆಯ ಕಾವ್ಯಮೀಮಾಂಸೆಯನ್ನು ಮೀರಿದ್ದು ಭಾಷೆಯಲ್ಲಿ, ಛಂದಸ್ಸಿನಲ್ಲಿ ಎಂದು ಹೇಳುತ್ತ ಬಂದಿದ್ದೇವೆ. ನಾಯಕನು ಕಣ್ಣೆದುರೇ ಬದಲಾಗಬಹುದೆಂದು ತೋರಿಸಿದ್ದು ಅದಕ್ಕಿಂತ ಕಡಮೆಯ ಸಾಹಸವೇನಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಶೂನ್ಯಸಂಪಾದನೆಯಲ್ಲಿ ಅಲ್ಲಮ ಸಿದ್ಧರಾಮರು ಆಡುವ ಮಾತುಗಳು ಅವರ ವಚನಗಳು. ಆದರೆ ಅವುಗಳನ್ನು ಹೀಗೆ ಪ್ರಶ್ನೋತ್ತರವಾಗಿ ಹೆಣೆದವರು ಸುಮಾರು ಮೂರು ಶತಮಾನಗಳ ಮೇಲಣ ಸಂಪಾದನಕಾರರು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರ ಕೈಯಲ್ಲಿ ಇದು ನಾಲ್ಕು ಸಲ ರೂಪುಗೊಂಡಿತು. ಆದುದರಿಂದ ಹನ್ನೆರಡನೆಯ ಶತಮಾನದ ಸೊನ್ನಲಿಗೆಯಲ್ಲಿ ನಿಜವಾಗಿ ಏನು ನಡೆಯಿತೆಂಬುದಕ್ಕೆ ಈ ಗ್ರಂಥವನ್ನು ಸಾಕ್ಷಿಗೆ ಕರೆಯುವುದು ಸಾಧುವಲ್ಲ. ಒಬ್ಬ ದೊಡ್ಡ ಮುಂದಾಳು ಹೇಗಿರಬೇಕೆಂದು ಆಮೇಲಿನ ಶರಣಸಮೂಹವು ಆಲೋಚಿಸಿತು ಎಂಬುದಕ್ಕೆ ಮಾತ್ರ ಇದು ಗಟ್ಟಿ ಸಾಕ್ಷಿ.

ಆ ಆಲೋಚನೆ ಸುಲಭವಾಗಿ ಮುಗಿಯಲಿಲ್ಲವೆಂಬುದಕ್ಕೂ ಪುರಾವೆಯಿದೆ. ಮೊದಲ ಸಂಪಾದನೆಯಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾದ ಭಾಗವಿರಲಿಲ್ಲ. ಇದು ಕೊರತೆಯೆಂದು ಬಗೆದು ಹಲಗೆಯಾರ್ಯನು ಅದನ್ನು ಸೇರಿಸಿದನು. ಚೆನ್ನಬಸವಣ್ಣನಿಂದ ಸಿದ್ಧರಾಮನಿಗೆ ದೀಕ್ಷೆಯಾಗುವ ಪ್ರಸಂಗ ಮುಂದೆ ಗ್ರಂಥದ ಮುಖ್ಯ ಅಂಗವಾಯಿತು. ಈ ವಿಷಯದಲ್ಲಿ ವಿದ್ವಾಂಸರ ವಾದ ಇಂದಿಗೂ ತಣ್ಣಗಾಗಿಲ್ಲ. ಭಕ್ತರ ಮನಸ್ಸಿಗೆ ಇದು ಸೂಕ್ಷ್ಮವಾದುದೆಂದೂ ಬಲ್ಲೆ. ಆದರೂ ನನಗೆ ತೋರಿದುದನ್ನು ಹೇಳಬೇಕು. ಮಹಾದೇವಯ್ಯನಿಗೆ ಒಳಗಿನ ಬದಲಾವಣೆ ಸಾಕೆನಿಸಿತ್ತು. ಹಲಗೆಯಾರ್ಯನಿಗೆ ಅದು ಅಂಗದ ಮೇಲೆ ಕಾಣಿಸಿಕೊಳ್ಳಬೇಕೆನಿಸಿತು; ಬರಿಯ ಅರಿವು ಆಚಾರವಾಗಿ ಇಳಿಯದಿದ್ದರೆ ಅದು ನಿಲ್ಲುವುದಿಲ್ಲವೆಂಬುದು ಅವನ ಕಾಳಜಿ. ಹೆಸರಾಂತ ವ್ಯಕ್ತಿಯೊಬ್ಬನು ತನಗಿಂತ ಚಿಕ್ಕವನಾದ ಚೆನ್ನಬಸವಣ್ಣನ ಮುಂದೆ ತಲೆಬಾಗಿ ಕುಳಿತನೆಂಬ ಚಿತ್ರದಲ್ಲಿ ಮತಾಚಾರದ ಗೆಲುವನ್ನು ಮಾತ್ರ ಕಾಣುವವರು ಕಾಣಲಿ. ಕೆರೆಯ ಅಂಗಳದಲ್ಲಿ ಕಂಡುಕೊಂಡದ್ದನ್ನು ಮೈಗೂಡಿಸಿಕೊಳ್ಳಲು ಅವನಿಗೆ ಕಲ್ಯಾಣದವರೆಗಿನ ದಾರಿಯಷ್ಟೂ ಬೇಕಾಯಿತೆಂಬುದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಈಗ ಪಟ್ಟಣಗಳಲ್ಲಿ ನಾಯಕತ್ವದ ತರಬೇತಿ ಶಿಬಿರಗಳು ನಡೆಯುತ್ತವೆ. ಎರಡು ದಿನಗಳಲ್ಲಿ ಆತ್ಮಾವಲೋಕನವನ್ನೂ ಕಲಿಸಿ ಪ್ರಮಾಣಪತ್ರ ಕೊಡುತ್ತಾರಂತೆ. ಸಂಪಾದನಕಾರರು ಅಷ್ಟು ಅವಸರದವರಾಗಿರಲಿಲ್ಲ.

ಆ ದಾರಿಯ ಕೊನೆಯಲ್ಲಿ ಬರುವ ದೃಶ್ಯವೊಂದನ್ನು ವಿಮರ್ಶಕರು ಸಾಮಾನ್ಯವಾಗಿ ಬಸವಣ್ಣನವರ ದೃಷ್ಟಿಯಿಂದ ನೋಡುತ್ತಾರೆ. ಅಲ್ಲಮ ಸಿದ್ಧರಾಮರು ಮಹಾಮನೆಯ ಬಾಗಿಲಿಗೆ ಬಂದು ನಿಂತಿದ್ದಾರೆ. ಬಸವಣ್ಣನವರು ಲಿಂಗಪೂಜೆಯಲ್ಲಿ ಮಗ್ನರು. ಹಡಪದ ಅಪ್ಪಣ್ಣ ಬಂದು ಕರೆದರೂ ಅಲ್ಲಮನು ಒಳಗೆ ಬರಲೊಲ್ಲ. ಕೊನೆಗೆ ಬಸವಣ್ಣನವರೇ ಹೊರಗೆ ಬಂದು ಶರಣೆನ್ನುತ್ತಾರೆ, ತಪ್ಪು ತಮ್ಮದೆನ್ನುತ್ತಾರೆ. ಈ ದೃಶ್ಯದಲ್ಲಿ ಸಿದ್ಧರಾಮನು ಹೆಚ್ಚು ಮಾತಿಲ್ಲದೆ ಪಕ್ಕದಲ್ಲಿ ನಿಂತಿದ್ದಾನೆ. ಅವನು ಅಲ್ಲಿ ಏಕಿದ್ದಾನೆ? ಕಥೆಗೆ ಅವನ ಅಗತ್ಯ ತೋರದು. ನನ್ನ ಊಹೆ ಇದು: ಅವನಿಗೆ ಈ ದೃಶ್ಯವನ್ನು ತೋರಿಸುವುದೇ ಸಂಪಾದನಕಾರನ ಉದ್ದೇಶ. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುವವರು, ಕಲ್ಯಾಣದ ಶರಣರಿಗೆಲ್ಲ ಆಶ್ರಯವಾದವರು, ಬಾಗಿಲಲ್ಲಿ ನಿಂತವನೊಬ್ಬನು ತಪ್ಪೆತ್ತಿದಾಗ ಬೆಂಕಿಯನ್ನು ತೆರೆಯಲಿಲ್ಲ. ಮಹಾಮನೆಯ ಜಂಗಮರಾರೂ ಕಲ್ಲೆತ್ತಲಿಲ್ಲ. ಸೊನ್ನಲಿಗೆಗೂ ಕಲ್ಯಾಣಕ್ಕೂ ನಡುವಣ ಅಂತರವನ್ನು ಸಿದ್ಧರಾಮನು ಹೊಸ್ತಿಲಾಚೆ ನಿಂತು ಅಳೆದುಕೊಂಡಿರಬೇಕು. ಮುಂದೆ ಬಸವಣ್ಣನವರನ್ನೇ ಸ್ತುತಿಸಿ ಅವನು ತ್ರಿವಿಧಿಯನ್ನು ರಚಿಸಿದ್ದಾನೆಂಬುದು ಇಲ್ಲಿ ನೆನೆಯತಕ್ಕದ್ದು. ಜನರನ್ನು ಕೂಡಿಸಿದವನು ಮತ್ತೊಬ್ಬ ಜನನಾಯಕನನ್ನು ಹಾಗೆ ಮನಸಾರೆ ಹೊಗಳುವುದು ಲೋಕದಲ್ಲಿ ಅಪೂರ್ವ.

ಹಿಂಬಾಲಕರ ಕೈಯ ಕಲ್ಲಿನಲ್ಲಿ ತನ್ನ ಕೊರತೆಯನ್ನು ಕಂಡ ಮುಂದಾಳುಗಳು ಇತಿಹಾಸದಲ್ಲಿಯೂ ವಿರಳ. 1922ರ ಫೆಬ್ರವರಿಯಲ್ಲಿ ಚೌರಿಚೌರಾದಲ್ಲಿ ಜನರ ಗುಂಪು ಪೊಲೀಸ್ ಠಾಣೆಗೆ ಬೆಂಕಿಯಿಟ್ಟಾಗ ಗಾಂಧೀಜಿಯವರು ಅಸಹಕಾರ ಚಳವಳಿಯನ್ನೇ ನಿಲ್ಲಿಸಿ ಉಪವಾಸ ಕುಳಿತರು. ಎಲ್ಲಿಯೋ ನಡೆದುದಕ್ಕೆ ತಾವು ಹೊಣೆಯಲ್ಲವೆಂದು ಹೇಳುವುದು ಅವರಿಗೆ ಕಷ್ಟವಿರಲಿಲ್ಲ. ಜೊತೆಯ ನಾಯಕರಲ್ಲಿ ಹಲವರು ಆ ನಿರ್ಧಾರವನ್ನು ಒಪ್ಪಲಿಲ್ಲ. ರಾಜಕೀಯವಾಗಿ ಅದು ಸರಿಯಾಗಿತ್ತೇ ಎಂಬ ಚರ್ಚೆ ಇಂದಿಗೂ ಇದೆ. ಅದನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಠಾಣೆಯ ಬೆಂಕಿಯಲ್ಲಿ ಅವರು ಮೊದಲು ಹುಡುಕಿದ್ದು ತಮ್ಮ ಪಾಲನ್ನು ಎಂಬಷ್ಟೇ ಇಲ್ಲಿಗೆ ಸಂಬಂಧಿಸಿದ್ದು.

ಇನ್ನು ಕೆರೆಯ ಮಾತು. ಅಲ್ಲಮನು ಕೆರೆ, ದೇಗುಲಗಳನ್ನು ಅಲ್ಲಗಳೆದನು, ಆದುದರಿಂದ ಲೋಕೋಪಯೋಗಿ ಕಾರ್ಯಗಳು ಸಾಧಕನಿಗೆ ಬಂಧನ ಎಂದು ವಾದಿಸುವವರುಂಟು. ಈ ವಾದವನ್ನು ನಾನು ಒಪ್ಪಲಾರೆ. ಸೊನ್ನಲಿಗೆಯ ಸಂವಾದದಲ್ಲಿ ಅಲ್ಲಮನು ಒರೆಗೆ ಹಚ್ಚುವುದು ಮಾಡಿದೆನೆಂಬ ಭಾವವನ್ನು. ಕೆರೆಯನ್ನು ಮುಚ್ಚಿಸೆಂದು ಅವನು ಹೇಳುವುದಿಲ್ಲ, ಸಿದ್ಧರಾಮನು ಮುಚ್ಚಿಸುವುದೂ ಇಲ್ಲ. ನೀರಿನ ಬೆಲೆ ಆ ಕಾಲಕ್ಕೆ ಚೆನ್ನಾಗಿ ತಿಳಿದಿತ್ತು. ನಮ್ಮ ಬೆಟ್ಟಸಾಲಿನ ಮೂಡಣ ತಪ್ಪಲಲ್ಲಿ, ಸಖರಾಯಪಟ್ಟಣದ ಬಳಿಯಿರುವ ಅಯ್ಯನಕೆರೆಯನ್ನು ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರ ಮಾಡಿದರೆಂದು ಹೇಳುತ್ತಾರೆ. ಸೊನ್ನಲಿಗೆಯ ಕೆರೆಗೂ ಇದಕ್ಕೂ ಬಹಳ ಅಂತರವಿರಲಾರದು. ಅಯ್ಯನಕೆರೆಯ ಏರಿಯ ಮೇಲೆ ನಿಂತಾಗ ಅದನ್ನು ಕಟ್ಟಿಸಿದ ಅರಸನ ಹೆಸರು ನಾಲಗೆಗೆ ಬರುತ್ತದೆ. ಮಣ್ಣು ಹೊತ್ತವರ ಹೆಸರು ಯಾವ ನಾಲಗೆಗೂ ಬರುವುದಿಲ್ಲ. ಸೊನ್ನಲಿಗೆಯಲ್ಲಿ ಹಾಗಾಗಲಿಲ್ಲ. ಅಲ್ಲಿ ಕಟ್ಟಿಸಿದವನ ಹೆಸರಿಗೇ ಮಣ್ಣು ಹೊತ್ತವರ ಹೆಸರು ಸೇರಿಕೊಂಡಿತು.

ಈ ಸೇರಿಕೆಯ ಮುಂದಿನ ಕಥೆಯನ್ನು ಸಂಪಾದನಕಾರರು ಊಹಿಸಿರಲಾರರು. ಕಲ್ಲು ಮಣ್ಣಿನ ಕಾಯಕದ ಭೋವಿ ಸಮಾಜವು ಸಿದ್ಧರಾಮೇಶ್ವರರನ್ನು ತನ್ನ ಕುಲಗುರುವೆಂದು ಪೂಜಿಸುತ್ತಿದೆ. ಚಿತ್ರದುರ್ಗದಲ್ಲಿ ಅದರ ಗುರುಪೀಠವಿದೆ. ಸಂಕ್ರಾಂತಿಯ ಹೊತ್ತಿಗೆ ಜಯಂತಿ ನಡೆಯುತ್ತದೆ. ಯಾವ ಹೆಸರನ್ನು ಕೇಳಿ ಕೆಲಸಗಾರರು ಕಲ್ಲೆತ್ತಿದರೋ, ಯಾವುದರಿಂದ ಗುರುವಿನ ಹಣೆಗಣ್ಣು ಉರಿಯಿತೋ, ಆ ನಂಟನ್ನು ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅಲ್ಲಮನ ಪ್ರಶ್ನೆಗೆ ಉತ್ತರ ಗ್ರಂಥದಲ್ಲಿ ದೊರೆತದ್ದು ಅರ್ಧ ಮಾತ್ರವೆಂದೂ ಉಳಿದರ್ಧವನ್ನು ಈ ಜನ ಕೊಟ್ಟರೆಂದೂ ನನಗೆ ಅನ್ನಿಸುತ್ತದೆ. ಶಾಸ್ತ್ರಜ್ಞರು ಇದನ್ನು ಅತಿವ್ಯಾಪ್ತಿಯೆಂದರೆ ನನಗೆ ಬೇಸರವಿಲ್ಲ.

ಅಲ್ಲಮಪ್ರಭು, ಚೆನ್ನಬಸವಣ್ಣನವರ ತರುವಾಯ ಶೂನ್ಯಸಿಂಹಾಸನವನ್ನು ಏರಿದವನು ಸಿದ್ಧರಾಮ ಎಂಬುದು ಸಂಪ್ರದಾಯದ ಹೇಳಿಕೆ. ಅದೂ ಕಲ್ಯಾಣವು ಚದುರಿಹೋದ ಮೇಲೆ, ಶರಣರು ದಿಕ್ಕಿಗೊಬ್ಬರಾಗಿದ್ದ ಹೊತ್ತಿನಲ್ಲಿ. ಹುಟ್ಟಿನಿಂದ ಜ್ಞಾನಿಗಳೆನಿಸಿದವರು ಹಲವರಿದ್ದರೂ ಪರಂಪರೆಯು ಆ ಪೀಠದಲ್ಲಿ ಕೂರಿಸಿದ್ದು ಒಂದು ಕಾಲದಲ್ಲಿ ಸಿಟ್ಟಿಗೆ ಸೋತಿದ್ದವನನ್ನು, ಸೋತೆನೆಂದು ಒಪ್ಪಿಕೊಂಡವನನ್ನು. ಚೆದುರಿದ ಜನರನ್ನು ಕೂಡಿಸಬೇಕಾದ ಹೊತ್ತಿಗೆ ಅಂಥವನೇ ಬೇಕಾಗಿದ್ದನೋ ಏನೋ.

ಸೊಲ್ಲಾಪುರದಲ್ಲಿ ಆ ಕೆರೆ ಇಂದಿಗೂ ಇದೆ. ನೀರಿನ ನಡುವೆ ಸಿದ್ಧೇಶ್ವರನ ಗುಡಿಯಿದೆ. ಸಂಕ್ರಾಂತಿಯ ಜಾತ್ರೆಗೆ ನಂದಿಧ್ವಜಗಳನ್ನು ಹೊತ್ತು ಜನ ಕೂಡುತ್ತಾರೆ. ನಮ್ಮ ಹಿರಿಯರು ಚಿಕ್ಕಂದಿನಲ್ಲಿ ತಂದೆಯ ಜೊತೆಗೆ ಆ ಕಡೆಗೆ ಕೆಲಸಕ್ಕೆ ಹೋಗಿದ್ದಾಗ ಅದರ ಮೆಟ್ಟಿಲ ಮೇಲೆ ಕುಳಿತಿದ್ದರಂತೆ. ಇದನ್ನು ಅವರು ಹೇಳಿದ್ದು ಓದು ಮುಗಿದು ಎಲ್ಲರೂ ಕೊಡೆ ಬಿಡಿಸಿ ಹೊರಟಾಗ. ಮುಂದಿನ ವಾರ ಆಯ್ದಕ್ಕಿ ಮಾರಯ್ಯನ ಪ್ರಸಂಗವೆಂದು ಹೇಳಿದೆ. “ಅದ್ರಲ್ಲಿ ಹೆಂಡ್ತಿ ಬುದ್ಧಿ ಹೇಳ್ತಾಳಲ್ವಾ ಮೇಷ್ಟ್ರೇ, ನಮ್ಮನೆಯೋಳ್ನೂ ಕರ್ಕೊಂಬರ್ತೀನಿ” ಎಂದು ಮಳೆಯಲ್ಲಿ ಇಳಿದು ಹೋದರು.